ಡ್ರಮ್ಮಿನೊಳಗಿನ ರಾಗಿ

ನಮ್ಮ ಮನೆಗೆ ಯಾರೇ ಬರಲಿ, ಅವರು ಚಪ್ಪಲಿ ಬಿಟ್ಟು ಚಾವಡಿಗೆ ಕಾಲಿಡುವಷ್ಟರಲ್ಲಿ ಸಣ್ಣ ತಟ್ಟೆಯಲ್ಲಿ ಬೆಲ್ಲದ ಚೂರು, ಪಕ್ಕದಲ್ಲಿ ಒಂದು ಲೋಟ ನೀರು ಬಂದು ಕೂರುತ್ತದೆ. ಬಂದವರು ಮದುವೆಗೆ ಕರೆಯಲು ಬಂದಿರಲಿ, ಕೆಟ್ಟುಹೋದ ಮಿಕ್ಸಿಯನ್ನು ಕಂಕುಳಲ್ಲಿ ಇರುಕಿಕೊಂಡು ಬಂದಿರಲಿ, ಬೇಲಿಯ ತಕರಾರು ತೆಗೆದು ಜಗಳಕ್ಕೇ ಬಂದಿರಲಿ, ಮೊದಲು ಬೆಲ್ಲ, ಆಮೇಲೆ ನೀರು, ಅದಾದ ಮೇಲಷ್ಟೇ ಮಾತು. ಬೀಜಾಡಿಯ ಉಸುಕಿನ ದಾರಿಯಲ್ಲಿ ಬಿಸಿಲಿಗೆ ಬೆಂದು ಬಂದವರ ಬಾಯಲ್ಲಿ ಬೆಲ್ಲ ಕರಗಿ, ಅದರ ಬೆನ್ನಿಗೇ ಬಾವಿಯ ತಣ್ಣೀರು ಇಳಿಯುವಾಗ ಅವರ ಮುಖ ಸಡಿಲಾಗುವುದನ್ನು ನಾನು ಚಿಕ್ಕಂದಿನಿಂದ ನೋಡಿ ಖುಷಿಪಟ್ಟಿದ್ದೇನೆ. ಬೇಲಿಯ ಜಗಳ ಎಷ್ಟೋ ಸಲ ಆ ಲೋಟದಲ್ಲೇ ಮುಳುಗಿಹೋದದ್ದೂ ಉಂಟು. ಇಷ್ಟು ಸಜ್ಜನಿಕೆಯ ಪದ್ಧತಿಯೊಳಗೆ ಒಂದು ಸಣ್ಣ ಮೋಸ ಕೂತಿರಬಹುದೆಂದು ನನಗೆ ಗೊತ್ತಾದದ್ದು ಈ ಬೇಸಿಗೆಯಲ್ಲಿ, ಅದೂ ಒಂದು ಹಳೆಯ ವಾಷಿಂಗ್ ಮೆಷೀನಿನ ಡ್ರಮ್ಮಿಗೆ ತಲೆ ಹಾಕಿ ಕೂತ ಮೇಲೆ.

ನನ್ನ ಪರಿಚಯವಾಗದೆ ಡ್ರಮ್ಮಿನ ಕತೆ ನಿಮಗೆ ಹಿಡಿಸಲಿಕ್ಕಿಲ್ಲ. ಕುಂದಾಪುರದ ಪೇಟೆಯ ಒಂದು ಓಣಿಯಲ್ಲಿ ಬಹುಕಾಲ ಫ್ರಿಜ್ಜು, ಮಿಕ್ಸಿ, ಫ್ಯಾನು ರಿಪೇರಿ ಮಾಡಿದವನು ನಾನು. ಕಣ್ಣು ಸ್ವಲ್ಪ ಮಂಜಾದ ಮೇಲೆ ಅಂಗಡಿ ಮುಚ್ಚಿದೆ. ಆದರೆ ಕೈಗೆ ನಿವೃತ್ತಿಯೆಂಬುದು ಗೊತ್ತಿಲ್ಲ, ಬಾಯಿಗಂತೂ ಇಲ್ಲವೇ ಇಲ್ಲ. ಯಂತ್ರ ಕೆಟ್ಟರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ, ಆ ಕಾರಣ ಯಂತ್ರದೊಳಗೇ ಇರುತ್ತದೆ ಎಂಬುದು ನಾನು ಬದುಕಿನಲ್ಲಿ ನಂಬಿಕೊಂಡು ಬಂದ ಒಂದೇ ಒಂದು ಸಿದ್ಧಾಂತ. ನನ್ನ ಸಿಟ್ಟೂ ಹಾಗೇ, ಸ್ವಿಚ್ಚು ಒತ್ತಿದ ಕೂಡಲೇ ಹೊತ್ತಿಕೊಳ್ಳುವಂಥದ್ದು. ಹೆಂಡತಿ ಜಲಜ ಈ ಎರಡನ್ನೂ ಸಹಿಸಿಕೊಂಡು ಬಂದಿದ್ದಾಳೆ. ಸಹಿಸಿದ್ದನ್ನು ಆಗಾಗ ನೆನಪಿಸುವುದನ್ನೂ ಬಿಟ್ಟಿಲ್ಲ.

ಮನೆಯಲ್ಲಿ ನಮ್ಮ ಜೊತೆಗಿರುವವಳು ನನ್ನ ಅಕ್ಕ ಗುಲಾಬಿ. ಗಂಡ ತೀರಿಕೊಂಡ ಮೇಲೆ ತಲೆಯ ಮೇಲೆ ಬುಟ್ಟಿ ಹೊತ್ತು ಮೀನು ಮಾರಿ ಬದುಕು ಕಟ್ಟಿದವಳು. ಅವಳ ಬೂತಾಯಿ ಮೀನಿಗಿಂತ ಅವಳ ದನಿಗೆ ಹೆಚ್ಚು ಹೆಸರಿತ್ತು. ಪೇಟೆಯ ಈ ತುದಿಯಲ್ಲಿ ಅವಳು ಬಾಯಿ ಬಿಟ್ಟರೆ ಆ ತುದಿಯ ಮನೆಯವರು ಸಾರಿಗೆ ಮಸಾಲೆ ಅರೆಯಲು ಶುರುಮಾಡುತ್ತಿದ್ದರೆಂದು ಜನ ತಮಾಷೆ ಮಾಡುವುದಿತ್ತು. ಅಂಥ ಗಂಟಲಿಗೇ ರೋಗ ಬಂತು. ಬ್ರಹ್ಮಾವರ ದಾಟಿ ಹೋಗಬೇಕಾದ ದೊಡ್ಡ ಆಸ್ಪತ್ರೆಯಲ್ಲಿ ಅದಕ್ಕೆ ಕಿರಣದ ಚಿಕಿತ್ಸೆ ಆಯಿತು. ಗಂಟು ಕರಗಿತು ಎಂದರು ಡಾಕ್ಟರು. ಗಂಟಿನ ಜೊತೆ ದನಿಯೂ ಕರಗಿ, ಉಸಿರಿಗಿಂತ ಒಂದಿಷ್ಟು ದಪ್ಪದ ಪಿಸುಮಾತು ಮಾತ್ರ ಉಳಿಯಿತು. ಬಾಯೊಳಗೆಲ್ಲ ಹುಣ್ಣು, ನುಂಗುವುದೆಂದರೆ ಮುಳ್ಳು ನುಂಗಿದ ಸಂಕಟ. ಅನ್ನ ಇಳಿಯದು, ದಪ್ಪ ಗಂಜಿ ಇಳಿಯದು, ಖಾರ, ಹುಳಿ, ಸಿಹಿ ಯಾವುದು ತಾಗಿದರೂ ಉರಿ. ತೆಳ್ಳಗಿನ ತಿಳಿ ಮಾತ್ರ ಹೇಗೋ ಇಳಿಯುತ್ತಿತ್ತು, ಆ ತಿಳಿಯಲ್ಲಿ ತ್ರಾಣವೇ ಇರಲಿಲ್ಲ. ಅವಳ ಬಳೆಗಳು ಮಣಿಕಟ್ಟಿನಿಂದ ಜಾರತೊಡಗಿದವು. ಅವಳು ಅವನ್ನು ಮೇಲಕ್ಕೆ ತಳ್ಳಿ ತಳ್ಳಿ ಮೊಣಕೈಯ ಹತ್ತಿರ ನಿಲ್ಲಿಸಿಕೊಂಡಳು.

ಆಸ್ಪತ್ರೆಯಲ್ಲಿ ಆಹಾರದ ವಿಷಯ ನೋಡಿಕೊಳ್ಳುವ ಹುಡುಗಿಯೊಬ್ಬಳಿದ್ದಾಳೆ. ಒಳ್ಳೆಯವಳು, ಮಾತು ಮಾತ್ರ ನೇರ. ಮಳೆಗಾಲ ಶುರುವಾದ ಮೇಲೆ ಇನ್ನೊಮ್ಮೆ ಬನ್ನಿ, ಆಗಲೂ ತೂಕ ಇಳಿದಿದ್ದರೆ ಮೂಗಿನಿಂದ ಹೊಟ್ಟೆಗೆ ನಳಿಗೆ ಹಾಕಿ ಅದರಲ್ಲೇ ಆಹಾರ ಕೊಡಬೇಕಾಗುತ್ತದೆ, ಬೇರೆ ದಾರಿಯಿಲ್ಲ, ಅದರಿಂದ ಎಷ್ಟೋ ಜನ ಚೇತರಿಸಿಕೊಂಡಿದ್ದಾರೆ ಎಂದಳು. ಅಕ್ಕ ತಲೆಯಾಡಿಸಿ ಕೇಳಿಸಿಕೊಂಡಳು. ಹೊರಗೆ ಬಂದು ಬಸ್ಸಿಗೆ ಕಾಯುವಾಗ ನನ್ನ ತೋಳು ಹಿಡಿದು ಕಿವಿಯ ಹತ್ತಿರ ಬಾಯಿ ತಂದಳು.

"ಮೂಗಿಗ್ ನಳಿಗಿ ಹಾಕ್ಸ್ಕಂಡ್ ನಾ ಬದುಕ್ತಿಲ್ಲೆ ಮಾರಾಯ. ಹಾಕುಕೆ ಬಿಡ್ಬೇಡ."

ನಾನು ಬಿಡುವುದಿಲ್ಲ ಎಂದುಬಿಟ್ಟೆ. ಅಂದ ಮೇಲೆ ಹೆದರಿಕೆ ಶುರುವಾಯಿತು. ಫ್ರಿಜ್ ಸರಿಮಾಡಿ ಕೊಡುತ್ತೇನೆಂದು ಮಾತು ಕೊಡುವುದು ಬೇರೆ, ಅಕ್ಕನ ಮೈಗೆ ಮಾತು ಕೊಡುವುದು ಬೇರೆ.

ಅದೇ ಹುಡುಗಿ ನನಗೆ ಒಂದು ಉಪಾಯ ಹೇಳಿಕೊಟ್ಟಿದ್ದಳು. ರಾಗಿಯನ್ನು ನೆನೆಸಿ, ಮೊಳಕೆ ಬರಿಸಿ, ಹದವಾಗಿ ಒಣಗಿಸಿ ಹಿಟ್ಟು ಮಾಡಿ; ದಪ್ಪಗೆ ಬೇಯಿಸಿದ ಗಂಜಿ ಉಗುರುಬಿಸಿಗಿಂತ ತುಸು ಹೆಚ್ಚು ಬಿಸಿಯಿರುವಾಗ ಆ ಹಿಟ್ಟನ್ನು ಒಂದು ಚಮಚ ಹಾಕಿ ಕಲಸಿ, ನೋಡಿ ಏನಾಗುತ್ತದೆ ಎಂದಿದ್ದಳು. ಜಲಜ ಬಟ್ಟೆಯಲ್ಲಿ ಗಂಟು ಕಟ್ಟಿ ಮೊಳಕೆ ಬರಿಸಿದಳು. ಆದರೆ ಕೂಸುಗಳಿಗೆ ತಿನ್ನಿಸುವ ಸರಿಗೆ ರಾಗಿ ಹುರಿದು ಅಭ್ಯಾಸವಾದ ಕೈ, ಘಮ ಬರುವ ತನಕ ಬಾಣಲೆಯಲ್ಲಿ ಹುರಿದೇ ಹುರಿದಳು. ಮನೆಯೆಲ್ಲ ಪರಿಮಳ. ಗಂಜಿ ಮಾತ್ರ ಇದ್ದ ಹಾಗೇ ಇತ್ತು, ಚಮಚ ನೆಟ್ಟರೆ ಬೀಳದಷ್ಟು ಗಟ್ಟಿ. ಫೋನು ಮಾಡಿ ಕೇಳಿದಾಗ, ಅಷ್ಟು ಬಿಸಿ ತಾಗಿದರೆ ಮೊಳಕೆಯ ಶಕ್ತಿಯೇ ಸಾಯುತ್ತದೆ, ಕೈಗೆ ತಡೆಯುವಷ್ಟು ಬಿಸಿಯಲ್ಲೇ ಒಣಗಿಸಬೇಕು ಎಂದಳು ಹುಡುಗಿ. ಎರಡನೇ ಸಲ ಚಪ್ಪರದ ಕೆಳಗೆ ಗಾಳಿಗೆ ಒಣಗಿಸಿದೆವು. ಬಿಸಿಗಂಜಿಗೆ ಒಂದು ಚಮಚ ಬಿದ್ದದ್ದೇ ತಡ, ಕಲಸುತ್ತ ಕಲಸುತ್ತ ಆ ಮುದ್ದೆಯಂಥ ಗಂಜಿ ನಮ್ಮ ಕಣ್ಣೆದುರೇ ಸಡಿಲಾಗಿ ಪಾಯಸದಷ್ಟು ತೆಳ್ಳಗಾಯಿತು. ನೀರು ಒಂದು ತೊಟ್ಟೂ ಸೇರಿಸಿರಲಿಲ್ಲ. ಅಕ್ಕ ಅದನ್ನು ಗುಟುಕು ಗುಟುಕಾಗಿ ಪೂರ್ತಿ ಕುಡಿದಳು. ಲೋಟ ಕೆಳಗಿಟ್ಟು ಜಲಜಳ ಕೈಯನ್ನು ತಟ್ಟಿದಳು.

ಈ ಚಮತ್ಕಾರ ಏನೆಂದು ಆಮೇಲೆ ನಿಧಾನವಾಗಿ ಯೋಚಿಸಿದ್ದೇನೆ. ಪ್ರತಿ ಕಾಳೂ ತನ್ನ ಮುಂದಿನ ಬಾಳಿಗೆಂದು ಬುತ್ತಿ ಕಟ್ಟಿಕೊಂಡು ಮಲಗಿರುತ್ತದೆ. ನೀರು ತಾಗಿದಾಗ ಎದ್ದು, ಆ ಗಟ್ಟಿ ಬುತ್ತಿಯನ್ನು ಕರಗಿಸುವ ರಸವನ್ನು ತನ್ನೊಳಗೇ ಹುಟ್ಟಿಸಿಕೊಳ್ಳುತ್ತದೆ. ಬುತ್ತಿ ಖರ್ಚಾಗುವ ಮೊದಲೇ, ಬೇರು ಮೂಡಿ ಎಲೆಯ ಕನಸು ಕಾಣುವ ಹೊತ್ತಿಗೆ, ನಾವು ಅದನ್ನು ಒಣಗಿಸಿ ನಿಲ್ಲಿಸುತ್ತೇವೆ. ರಸ ಕಾಳಿನಲ್ಲೇ ಉಳಿದು, ತನ್ನ ಬುತ್ತಿಯನ್ನು ಕರಗಿಸಬೇಕಾದದ್ದು ಅಕ್ಕನ ಗಂಜಿಯನ್ನು ಕರಗಿಸುತ್ತದೆ. ಒಂದು ಜೀವವನ್ನು ಕರೆದು ಬಾಗಿಲಲ್ಲೇ ನಿಲ್ಲಿಸಿ, ಅದರ ಕೈಯಲ್ಲಿದ್ದುದನ್ನು ಇನ್ನೊಂದು ಜೀವಕ್ಕೆ ಕೊಡಿಸುವ ಕೆಲಸ ಇದು. ಯೋಚಿಸಿದರೆ ಸ್ವಲ್ಪ ಕ್ರೂರವೇ. ಆದರೆ ಅಕ್ಕನ ಮೊಣಕೈಯ ಬಳೆ ನೋಡುತ್ತ ಕೂತವನಿಗೆ ರಾಗಿಯ ಮೇಲೆ ಕರುಣೆ ತೋರಿಸುವಷ್ಟು ಪುರುಸೊತ್ತಿರಲಿಲ್ಲ.

ಅಡಚಣೆ ಇದ್ದದ್ದು ಮುಂದೆ. ಬಟ್ಟೆಯ ಗಂಟಿನಲ್ಲಿ ಬರುವ ಮೊಳಕೆ ಒಂದು ಮುಷ್ಟಿ. ಅಕ್ಕನಿಗೆ ಬೇಕಾದದ್ದು ದಿನಕ್ಕೆ ಎಷ್ಟೋ ಸಲ, ತಿಂಗಳುಗಟ್ಟಲೆ. ಮಳೆ ಹಿಡಿದರೆ ಕಡಲ ಕರೆಯಲ್ಲಿ ಹಪ್ಪಳವೇ ಒಣಗುವುದಿಲ್ಲ, ಮೊಳಕೆ ಒಣಗುವುದುಂಟೇ, ಬೂಸ್ಟು ಬಂದು ವಿಷವಾಗುತ್ತದೆ. ಮಳೆಗೆ ಮೊದಲು ಡಬ್ಬಿಗಟ್ಟಲೆ ಹಿಟ್ಟು ಮಾಡಿಡಬೇಕು, ಮಳೆಯಲ್ಲೂ ಮಾಡುವಂತಿರಬೇಕು. ಅಂದರೆ ಯಂತ್ರ ಬೇಕು. ಯಂತ್ರ ಎಂಬ ಮಾತು ನನ್ನ ಬಾಯಿಂದ ಬಂದದ್ದೇ ಜಲಜ ಹಣೆ ಚಚ್ಚಿಕೊಂಡಳು.

ಬ್ರಹ್ಮಾವರದ ಗುಜರಿಯಲ್ಲಿ ಒಂದು ವಾಷಿಂಗ್ ಮೆಷೀನಿನ ಉಕ್ಕಿನ ಡ್ರಮ್ ಸಿಕ್ಕಿತು, ಮೈತುಂಬ ತೂತು, ತುಕ್ಕಿಲ್ಲ. ಆ ತೂತಿಗೆ ರಾಗಿ ಸೋರದ ಹಾಗೆ ಒಳಗೆ ಸಣ್ಣ ಜಾಲರಿ ಹೊಲಿದೆ. ಡ್ರಮ್ಮನ್ನು ಅಡ್ಡ ಮಲಗಿಸಿ, ಹಳೆಯ ಕಾರಿನ ಗಾಜು ಒರೆಸುವ ಮೋಟರಿಗೆ ಕಟ್ಟಿ, ಆಮೆಗಿಂತ ನಿಧಾನವಾಗಿ ತಿರುಗುವಂತೆ ಮಾಡಿದೆ. ಮೊಳಕೆಗಳು ಒಂದಕ್ಕೊಂದು ಹೆಣೆದುಕೊಂಡು ಚಾಪೆಯಾಗಬಾರದಲ್ಲ. ಮೊಳಕೆಯೊಡೆಯುವ ಕಾಳು ಬಿಸಿಯಾಗುತ್ತದೆ, ಅದಕ್ಕೆ ಒಂದು ಪುಟ್ಟ ಫ್ಯಾನು. ಒಣಗಬಾರದು, ಅದಕ್ಕೆ ಮೇಲಿನ ಕೊಡದಿಂದ ನೀರು ಹನಿಸುವ ತೆಳ್ಳನೆಯ ಕೊಳವೆ. ಒಣಗಿಸಲು ನನ್ನ ಹಳೆಯ ಕಸುಬೇ ಕೈಹಿಡಿಯಿತು. ಸತ್ತ ಫ್ರಿಜ್ಜೊಂದರ ಹೊಟ್ಟೆಯೊಳಗೆ ತಂತಿಯ ತಟ್ಟೆ ಜೋಡಿಸಿ, ತಳದಲ್ಲಿ ಬಲ್ಬು, ನೆತ್ತಿಯಲ್ಲಿ ಗಾಳಿಕಂಡಿ ಇಟ್ಟೆ. ಆಯುಷ್ಯವಿಡೀ ತಂಪು ಕಾಯ್ದ ಪೆಟ್ಟಿಗೆ ಈಗ ಬೆಚ್ಚಗೆ ಕಾಯತೊಡಗಿತು. ಕೈಗೆ ಇಷ್ಟು ಕೆಲಸ ಸಿಕ್ಕಿದಾಗ ಮನಸ್ಸಿನ ಹೆದರಿಕೆ ಒಂದು ಮೂಲೆಗೆ ಸರಿದಿತ್ತು, ಸುಳ್ಳು ಹೇಳಲಾರೆ.

ಡ್ರಮ್ ಮೊದಲ ಸಲ ತಿರುಗಿದ ದಿನ ಜಲಜ ಅಡುಗೆಮನೆಯ ಬಾಗಿಲಿಗೆ ಒರಗಿ ನೋಡುತ್ತಿದ್ದಳು.

"ಹ್ವಾಯ್, ರಾಗಿ ಒಗ್ದಾಯ್ತಾ? ಹಿಂಡಿ ಹಗ್ಗಕ್ ಹಾಕ್ಲಾ?"

ಅಕ್ಕನ ಭುಜ ಕುಲುಕಿತು. ರೋಗ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು, ನಾನು ಸಿಟ್ಟಾಗುವುದನ್ನೇ ಮರೆತೆ.

ರಾಗಿ ಮೊಳೆಯಲಿಲ್ಲ.

ನಾಲ್ಕಾರು ಕಾಳುಗಳು ಬಿಳಿ ಮೂತಿ ತೋರಿಸಿದವು, ಅಷ್ಟೇ. ಉಳಿದದ್ದು ಊದಿಕೊಂಡು, ಹುಳಿವಾಸನೆ ಹೊಡೆದು, ಕೊನೆಗೆ ತೆಂಗಿನ ಬುಡಕ್ಕೆ ಹೋಯಿತು. ರಾಗಿ ಹಳತು ಎಂದು ಅಂಗಡಿಯವನ ಜೊತೆ ಜಗಳವಾಡಿ ಹೊಸ ಚೀಲ ತಂದೆ. ಅದೂ ಮೊಳೆಯಲಿಲ್ಲ. ಮೋಟರಿನ ವೇಗ ಹೆಚ್ಚಾಯಿತೆಂದು ಇಳಿಸಿದೆ. ಗಾಳಿ ಸಾಲದೆಂದು ಫ್ಯಾನನ್ನು ಜೋರು ಮಾಡಿದೆ, ಮೊದಲಿದ್ದ ನಾಲ್ಕಾರು ಮೂತಿಯೂ ಕಾಣಲಿಲ್ಲ. ಡ್ರಮ್ಮಿನ ಒಳಮೈಗೆ ಬಿಳಿಯ ಪೊರೆ ಕಟ್ಟುತ್ತಿರುವುದನ್ನು ಆಗ ಕಂಡೆ. ಸಿಕ್ಕಿತು ಕಾರಣ! ಯಾರ್ಯಾರದೋ ಮನೆಯ ಬಟ್ಟೆ ಒಗೆದ ಡ್ರಮ್ಮು, ಸಂದುಗಳಲ್ಲಿ ಸೋಪು ಕೂತಿದೆ, ಅದೇ ರಾಗಿಯನ್ನು ಕೊಲ್ಲುತ್ತಿದೆ ಎಂದು ತೀರ್ಮಾನಿಸಿ ಹುಣಸೆಹುಳಿ ಹಾಕಿ ತಿಕ್ಕಿದೆ. ಉಕ್ಕು ಫಳಫಳ ಹೊಳೆಯಿತು. ಮುಂದಿನ ಸಲಕ್ಕೆ ಪೊರೆ ಮತ್ತೆ ಬಂತು, ರಾಗಿ ಮತ್ತೆ ಸತ್ತಿತು. ಇಷ್ಟೊಂದು ಸೋಪು ಎಲ್ಲಿಂದ ಬರುತ್ತಿದೆ ಎಂದು ನಾನು ಕೇಳಿಕೊಳ್ಳಲಿಲ್ಲ, ಇನ್ನಷ್ಟು ತಿಕ್ಕಿದೆ.

ಜಲಜ ಅತ್ತ ಬಟ್ಟೆಯ ಗಂಟಿನಲ್ಲಿ ಪ್ರಯತ್ನ ಬಿಟ್ಟಿರಲಿಲ್ಲ. ಅಲ್ಲಿ ಒಂದಿಷ್ಟು ಮೊಳೆಯುತ್ತಿತ್ತು, ಮೊದಲಿನಷ್ಟಲ್ಲ. ಹಾಗಾಗಿ ದೋಷ ನನ್ನ ಯಂತ್ರದ್ದೇ ಎಂದು ಅವಳೂ ನಂಬಿದಳು, ನಾನೂ ನಂಬಿದೆ. ಅವಳಿಗೆ ಅವಳದೇ ತಾಪತ್ರಯ: ಬೇಳೆ ಬೇಯುತ್ತಿಲ್ಲ, ಈ ಸಲದ ಬೇಳೆ ಕಳಪೆ ಎಂದು ದಿನವೂ ಗೊಣಗುತ್ತಿದ್ದಳು. ನಮ್ಮ ಮನೆಯಲ್ಲಿ ಆ ದಿನಗಳಲ್ಲಿ ಎಲ್ಲರೂ ಯಾವುದೋ ಒಂದನ್ನು ಬೈಯುತ್ತಿದ್ದೆವು. ಹಿಟ್ಟಿನ ಡಬ್ಬಿ ಬರಿದಾಗುತ್ತ ಬಂತು. ಪಡುವಣದಲ್ಲಿ ಮೋಡ ಕೂಡುವುದನ್ನು ಕಂಡರೆ ಸೆಖೆಗೆ ಬೆಂದ ಊರೆಲ್ಲ ಸಂತೋಷಪಡುತ್ತದೆ. ನಾನು ಒಳಗೆ ಹೋಗಿ ಡಬ್ಬಿಯ ತಳ ನೋಡಿ ಬರುತ್ತಿದ್ದೆ.

ಅದೆಲ್ಲಕ್ಕಿಂತ ಹೆಚ್ಚಾಗಿ ಅಕ್ಕ ಕುಡಿಯುವುದನ್ನೇ ಕಡಿಮೆ ಮಾಡಿದ್ದಳು. ಮೊಳಕೆ ಹಿಟ್ಟಿನ ತೆಳ್ಳಗಿನ ಗಂಜಿಯನ್ನೂ ಎರಡು ಗುಟುಕು ಕುಡಿದು, ಮುಖ ಕಿವುಚಿ ಲೋಟ ದೂರ ತಳ್ಳುತ್ತಿದ್ದಳು. ನೀರನ್ನೂ ಅಷ್ಟೇ. ಕೇಳಿದರೆ ಒಂದೇ ಮಾತು.

"ನೀರ್ ಉಪ್ಪ್."

ಚಿಕಿತ್ಸೆ ಶುರುವಾಗುವಾಗಲೇ ಆಸ್ಪತ್ರೆಯಲ್ಲಿ ಎಚ್ಚರಿಸಿದ್ದರು: ಬಾಯಿರುಚಿ ಕೆಡುತ್ತದೆ, ಕೆಲವರಿಗೆ ಎಲ್ಲವೂ ಕಹಿ, ಕೆಲವರಿಗೆ ಕಬ್ಬಿಣ, ಕೆಲವರಿಗೆ ಉಪ್ಪು, ಗಾಬರಿಯಾಗಬೇಡಿ ಎಂದು. ನಾವು ಗಾಬರಿಯಾಗಲಿಲ್ಲ. ಮೊದಮೊದಲು ಸಮಾಧಾನ ಮಾಡಿದೆವು, ಆಮೇಲೆ ಕೇಳಿಸಿಕೊಳ್ಳುವುದನ್ನೇ ಬಿಟ್ಟೆವು. ಒಂದು ಮಧ್ಯಾಹ್ನ, ಇನ್ನೊಂದು ಚೀಲದ ರಾಗಿ ತೆಂಗಿನ ಬುಡ ಸೇರಿದ ಹೊತ್ತಿನಲ್ಲಿ, ಅವಳು ಮತ್ತೆ ಲೋಟ ತಳ್ಳಿದಾಗ ನನ್ನ ಸ್ವಿಚ್ಚು ಒತ್ತಿಹೋಯಿತು.

"ಉಪ್ಪ್ ನೀರಿದಲ್ಲ ಅಕ್ಕ, ನಿನ್ನ್ ನಾಲ್ಗೀದ್. ಕಣ್ ಮುಚ್ಕಂಡ್ ಕುಡಿ."

ಒಂದು ಕಾಲಕ್ಕೆ ಅವಳು ನನ್ನ ಇಂಥ ಮಾತಿಗೆ ಬೀದಿಗೆಲ್ಲ ಕೇಳುವಂತೆ ಉತ್ತರ ಕೊಡುತ್ತಿದ್ದವಳು. ಆ ದಿನ ಕಣ್ಣು ಮುಚ್ಚಿದಳು, ಕುಡಿದಳು, ಅರ್ಧಕ್ಕೇ ಕೆಮ್ಮು ಬಂದು ಎಲ್ಲ ಹೊರಗೆ ಬಂತು. ಬಳೆಗಳು ಮೊಣಕೈಯಿಂದ ಮಣಿಕಟ್ಟಿಗೆ ಜಾರಿಬಂದವು. ಅವಳು ಅವನ್ನು ಮೇಲೆ ತಳ್ಳಲೂ ಹೋಗಲಿಲ್ಲ, ಗೋಡೆಯ ಕಡೆಗೆ ತಿರುಗಿ ಮಲಗಿದಳು. ನಾನು ಅಂಗಳಕ್ಕೆ ಹೋಗಿ ಡ್ರಮ್ಮಿನ ಎದುರು ಕೂತೆ.

ಕರೆಂಟು ಹೋಗಿತ್ತು. ನಿಂತ ಡ್ರಮ್ಮಿನೊಳಗೆ ತಲೆ ಹಾಕಿ ಬೆರಳಿನಿಂದ ಆ ಬಿಳಿ ಪೊರೆಯನ್ನು ಕೆರೆದೆ. ರಿಪೇರಿಯವರಿಗೊಂದು ಚಟವಿದೆ, ತಂತಿಯನ್ನು ಹಲ್ಲಿನಿಂದ ಸುಲಿಯುತ್ತೇವೆ, ಬೆರಳಿಗೆ ಏನಾದರೂ ಅಂಟಿದರೆ ಗೊತ್ತಿಲ್ಲದೇ ಬಾಯಿಗೆ ಹೋಗುತ್ತದೆ. ಹಾಗೇ ಹೋಯಿತು. ಸೋಪಲ್ಲ. ಉಪ್ಪು. ಅಪ್ಪಟ ಉಪ್ಪು, ಜೊತೆಗೊಂದು ಕಹಿ.

ಡ್ರಮ್ಮಿನೊಳಗೆ ತಲೆ ಇಟ್ಟುಕೊಂಡೇ ಒಂದೊಂದಾಗಿ ಜೋಡಿಸುತ್ತ ಹೋದೆ. ನೀರು ಹನಿಯುತ್ತಿತ್ತು, ಫ್ಯಾನು ಅದನ್ನು ಆರಿಸುತ್ತಿತ್ತು, ನೀರು ಗಾಳಿಗೆ ಹೋಗಿ ಉಪ್ಪು ರಾಗಿಯ ಮೇಲೆ ಉಳಿಯುತ್ತಿತ್ತು. ಮತ್ತೆ ಹನಿ, ಮತ್ತೆ ಗಾಳಿ, ಮತ್ತಷ್ಟು ಉಪ್ಪು. ಬಟ್ಟೆಯ ಗಂಟಿಗೆ ಫ್ಯಾನಿರಲಿಲ್ಲ, ಅದಕ್ಕೇ ಅಲ್ಲಿ ಒಂದಿಷ್ಟಾದರೂ ಮೊಳೆಯುತ್ತಿತ್ತು. ನಾನು ಯಂತ್ರವನ್ನು ಉತ್ತಮಪಡಿಸಿದಷ್ಟೂ ಅದು ಅಚ್ಚುಕಟ್ಟಾಗಿ ಉಪ್ಪು ಮಾಡುತ್ತಿತ್ತು. ಬೇಸಿಗೆ ಏರಿದಂತೆ ಸುತ್ತಲಿನ ಪಂಪುಗಳೆಲ್ಲ, ನಮ್ಮದೂ ಸೇರಿ, ಸಿಹಿನೀರನ್ನು ಎಳೆದೆಳೆದು ಹಾಕಿದ್ದವು, ಕಡಲು ಸದ್ದಿಲ್ಲದೆ ಬಾವಿಯೊಳಗೆ ಬಂದು ಕೂತಿತ್ತು. ಮೊದಲ ಗಂಟಿನ ರಾಗಿ ಚೆನ್ನಾಗಿ ಮೊಳೆತದ್ದು ಬಾವಿ ಇನ್ನೂ ಸಿಹಿಯಿದ್ದಾಗ. ಅಕ್ಕ ವಾರಗಟ್ಟಲೆಯಿಂದ ಇದನ್ನೇ ಹೇಳುತ್ತಿದ್ದಳು. ನಾನೇ, ನಾನೇ ಆ ನೀರಲ್ಲಿ ಅವಳ ಗಂಜಿ ಕಲಸಿ, ಹುಣ್ಣಾದ ಬಾಯಿಗೆ ಕೊಟ್ಟು, ಕಣ್ಣು ಮುಚ್ಚಿ ಕುಡಿ ಎಂದಿದ್ದೆ.

ಎದ್ದು ಹೋಗಿ ಬಾವಿಯ ನೀರು ಸೇದಿ ಕುಡಿದೆ. ನಂಬುತ್ತೀರೋ ಇಲ್ಲವೋ, ನನಗೆ ಉಪ್ಪೇ ತಿಳಿಯಲಿಲ್ಲ. ಬಾಯಿ ಮುಕ್ಕಳಿಸಿ ಮತ್ತೆ ಕುಡಿದೆ. ಅದೇ ನನ್ನ ಬಾವಿಯ ಅದೇ ನೀರು. ಜಲಜಳನ್ನು ಕರೆದು ಕುಡಿಸಿದೆ, ಎಂತ ಆಗಿದೆ ನೀರಿಗೆ, ಚೆನ್ನಾಗಿಯೇ ಇದೆಯಲ್ಲ ಎಂದಳು. ನಾಲಿಗೆಯನ್ನು ನಂಬಿ ಪ್ರಯೋಜನವಿರಲಿಲ್ಲ, ಬೇರೆ ನೀರು ಬೇಕಿತ್ತು. ಕ್ಯಾನುಗಳನ್ನು ಸ್ಕೂಟರಿಗೆ ಕಟ್ಟಿ ಜಲಜಳ ತವರು ಯಡ್ತರೆಗೆ ಹೊರಟೆ. ಮರವಂತೆಯಲ್ಲಿ ಎಡಕ್ಕೆ ಕಡಲು, ಬಲಕ್ಕೆ ಹೊಳೆ, ನಡುವೆ ನಾನು. ಎಷ್ಟೋ ಸಲ ಅಲ್ಲಿ ನಿಂತು ಆಹಾ ಎಂದವನಿಗೆ ಆ ದಿನ ಕಡಲಿನ ಮೇಲೆ ಕೋಪ ಉಕ್ಕಿಬಂತು, ಒಂದು ಮಾತೂ ಹೇಳದೆ ಮನೆಯೊಳಗೆ ಬಂದವರ ಮೇಲೆ ಬರುವ ಕೋಪ.

ಯಡ್ತರೆಯ ಭಾವ ಸ್ಕೂಟರಿನ ಸದ್ದಿಗೇ ತಟ್ಟೆಯಲ್ಲಿ ಬೆಲ್ಲ, ಚೆಂಬಿನಲ್ಲಿ ನೀರು ಹಿಡಿದು ಹೊರಬಂದರು.

"ಬೆಲ್ಲ ಬ್ಯಾಡ ಭಾವ. ಬರೀ ನೀರ್ ಕೊಡಿ," ಎಂದೆ.

ಅವರ ಮುಖ ಸಣ್ಣದಾಯಿತು. ನಮ್ಮಲ್ಲಿ ಕೊಟ್ಟ ಬೆಲ್ಲ ಬೇಡವೆನ್ನುವುದೆಂದರೆ ಸಂಬಂಧವೇ ಬೇಡವೆಂದಂತೆ. ಅವರಿಗೆ ವಿವರಿಸುವಷ್ಟು ಉಸಿರು ನನ್ನಲ್ಲಿರಲಿಲ್ಲ, ಚೆಂಬೆತ್ತಿ ಕುಡಿದೆ. ಆ ನೀರು ಸಪ್ಪೆಯಿತ್ತು. ಏನೋ ಕಡಿಮೆಯಿದೆ, ಏನೋ ಹಾಕಲು ಮರೆತಿದ್ದಾರೆ ಅನ್ನಿಸುವಷ್ಟು ಸಪ್ಪೆ. ಆ ಕಡಿಮೆಯಾದದ್ದು ಏನೆಂದು ಹೊಳೆದಾಗ ಚೆಂಬನ್ನು ಕೆಳಗಿಟ್ಟೆ. ಬೆಲ್ಲವನ್ನು ಮೊದಲು ತಿಂದಿದ್ದರೆ ಅಲ್ಲೂ ನನಗೆ ಏನೂ ತಿಳಿಯುತ್ತಿರಲಿಲ್ಲ. ನಮ್ಮ ಮನೆಗೆ ಬಂದುಹೋದ ಅಷ್ಟೂ ಜನ ಬೆಲ್ಲದ ಮರೆಯಲ್ಲಿ ನಮ್ಮ ಉಪ್ಪುನೀರು ಕುಡಿದು, ತಂಪಾಯಿತು ಎಂದು ಹೇಳಿ ಹೋಗಿದ್ದರು. ನಾವು ಚಹಾದ ಸಕ್ಕರೆಯಲ್ಲಿ, ಮೀನುಸಾರಿನ ಹುಳಿಯಲ್ಲಿ, ಗಂಜಿಯ ಉಪ್ಪಿನಕಾಯಿಯಲ್ಲಿ ಅದನ್ನು ದಿನಕ್ಕಿಷ್ಟು ದಿನಕ್ಕಿಷ್ಟು ರೂಢಿಮಾಡಿಕೊಂಡಿದ್ದೆವು. ಕೆಲವು ವಾರಗಳಿಂದ ತಾನು ಸಾರಿಗೆ ಉಪ್ಪು ಕಡಿಮೆ ಹಾಕುತ್ತಿದ್ದುದು ಜಲಜಳಿಗೇ ಆಮೇಲೆ ಹೊಳೆಯಿತು, ಬಾಯಿಗೆ ತಿಳಿಯದ್ದು ಅವಳ ಕೈಗೆ ತಿಳಿದಿತ್ತು. ಬೆಲ್ಲ ತಿನ್ನಲಾರದೆ, ಸಾರು ಉಣ್ಣಲಾರದೆ, ಬರೀ ನೀರನ್ನು ನೀರಾಗಿಯೇ ಕುಡಿದವಳು ಮನೆಯಲ್ಲಿ ಅಕ್ಕ ಒಬ್ಬಳೇ.

ಮನೆಗೆ ಬಂದು, ಏನೂ ಹೇಳದೆ ಯಡ್ತರೆಯ ನೀರನ್ನು ಅವಳ ಲೋಟಕ್ಕೆ ಹೊಯ್ದು ಕೊಟ್ಟೆ. ಗೋಡೆಯ ಕಡೆಯಿಂದ ತಿರುಗಿ, ನನ್ನನ್ನು ನೋಡದೆಯೇ ತುಟಿಗೆ ತಾಗಿಸಿದಳು. ನಿಲ್ಲಿಸಿದಳು. ಮತ್ತೆ ತಾಗಿಸಿದಳು. ಆಮೇಲೆ ಲೋಟ ಕೆಳಗಿಳಿಯಲಿಲ್ಲ. ಬರಿದಾದ ಲೋಟವನ್ನು ನನ್ನ ಕೈಗಿತ್ತು, ಪಿಸುದನಿಯಲ್ಲಿ, ಆದರೆ ಪೇಟೆಯಲ್ಲಿ ಮೀನಿನ ತಾಜಾತನದ ಬಗ್ಗೆ ಮಾತಾಡುತ್ತಿದ್ದ ಅದೇ ಅಧಿಕಾರದಲ್ಲಿ ಹೇಳಿದಳು.

"ಇದ್ ನೀರ್."

ನನಗೆ ಅಳು ಬಂತು. ಜಲಜಳೆದುರು ಅಳುವವನಲ್ಲ ನಾನು, ಆದರೂ ಬಂತು. ಅಕ್ಕ ನನ್ನ ತಲೆಯ ಮೇಲೆ ಮೆಲ್ಲಗೆ ಒಂದು ಏಟು ಹಾಕಿದಳು, ಅಷ್ಟಕ್ಕೇ ಆ ವಿಷಯ ಮುಗಿಯಿತು.

ಆಮೇಲಿನದು ಓಟ. ಭಾವನ ಮುನಿಸು ಇಳಿಸಿ, ದಿನ ಬಿಟ್ಟು ದಿನ ಯಡ್ತರೆಯಿಂದ ನೀರು ತಂದೆ. ಅದೇ ಡ್ರಮ್ಮು, ಅದೇ ಮೋಟರು, ಅದೇ ಬೈಸಿಕೊಂಡ ಚೀಲದ ರಾಗಿ. ಮರುದಿನ ಜಾಲರಿಯ ಮೇಲೆ ಹರಡಿದ ಕಾಳೆಲ್ಲ ಬಿಳಿಬಿಳಿ ಮೂತಿ ಚಾಚಿ ನಗುತ್ತಿದ್ದವು. ಅದನ್ನು ಫ್ರಿಜ್ಜಿನ ಹೊಟ್ಟೆಗೆ ಸೇರಿಸಿದ ಬೆಳಗ್ಗೆಯೇ ಮಳೆ ಬಂತು, ಬರುವಾಗ ಲೈನು ಹರಿದುಕೊಂಡೇ ಬಂತು. ಬಲ್ಬು ಆರಿತು. ಒಳಗೆ ಹಸಿಮೊಳಕೆ, ಹೊರಗೆ ಕೈಯಿಟ್ಟರೆ ಒದ್ದೆಯಾಗುವ ಗಾಳಿ. ಬಿಟ್ಟರೆ ಬೂಸ್ಟು, ಬೆಂಕಿ ಹೆಚ್ಚಾದರೆ ಶಕ್ತಿ ಸತ್ತ ಬರೀ ಪರಿಮಳ. ಜಲಜ ತೆಂಗಿನ ಗೆರಟೆಗಳ ಕೆಂಡ ಮಾಡಿ, ಹೊಗೆಯೆಲ್ಲ ಹೋಗಿ ಬೂದಿ ಮುಚ್ಚಿದ ಮೇಲೆ ಹಂಚಿನಲ್ಲಿ ತಂದು ಪೆಟ್ಟಿಗೆಯ ತಳದಲ್ಲಿ ಇಟ್ಟಳು. ಸ್ಕೂಟರಿನ ಬ್ಯಾಟರಿಯನ್ನು ಬಿಚ್ಚಿ ಪುಟ್ಟ ಫ್ಯಾನಿಗೆ ಕಟ್ಟಿದೆ. ಆ ದಿನವಿಡೀ ಅವಳೊಮ್ಮೆ ನಾನೊಮ್ಮೆ ಬಾಗಿಲು ತೆರೆದು ಒಳಗೆ ಕೈಯಿಟ್ಟು ನೋಡುವುದೇ ಕೆಲಸ: ಕೈ ಸುಟ್ಟರೆ ಕೆಂಡ ತೆಗೆ, ತಣ್ಣಗಾದರೆ ಕೆಂಡ ಹಾಕು. ಒಬ್ಬರನ್ನೊಬ್ಬರು ಬೈಯುವುದನ್ನೂ ಮರೆತಿದ್ದೆವು. ಸಂಜೆಗೆ ಅಕ್ಕ ಎದ್ದು ಬಂದು ತಟ್ಟೆಯಿಂದ ನಾಲ್ಕು ಕಾಳು ತೆಗೆದು ಅಂಗೈಯಲ್ಲಿ ಉಜ್ಜಿದಳು. ಒಣ ಬೇರುಗಳು ಪುಡಿಯಾಗಿ ಉದುರಿದವು. ಅವಳು ಊದಿ ಹಾರಿಸಿದಳು.

ಆಸ್ಪತ್ರೆಯ ದಿನ ಬಸ್ಸು ಬ್ರಹ್ಮಾವರ ದಾಟುವಾಗ ನಾನು ದಿನ ಎಣಿಸುತ್ತಿದ್ದೆ. ಸಿಹಿನೀರಿನ ಗಂಜಿ ಅವಳು ಕುಡಿದದ್ದು ಎಷ್ಟು ದಿನ, ಅದಕ್ಕೆ ಮೊದಲು ಇಳಿದದ್ದು ಎಷ್ಟು ದಿನ, ತಕ್ಕಡಿ ಯಾವುದರ ಪರವಾಗಿ ಮಾತಾಡುತ್ತದೋ ಗೊತ್ತಿರಲಿಲ್ಲ. ತಕ್ಕಡಿಯಲ್ಲಿ ತೂಗಿಯೇ ಬದುಕಿದವಳು ಈಗ ತಾನೇ ತೂಕಕ್ಕೆ ನಿಂತಳು. ಹುಡುಗಿ ಮುಳ್ಳು ನೋಡಿದಳು, ಹಳೆಯ ಕಾಗದ ನೋಡಿದಳು, ಅಕ್ಕನನ್ನು ಇಳಿಸಿ ಮತ್ತೆ ಹತ್ತಿಸಿದಳು. ಹೆಚ್ಚಾಗಿಲ್ಲ, ಆದರೆ ಇಳಿದೂ ಇಲ್ಲ, ನಡುವೆ ತುಂಬಾ ಇಳಿದು ಮತ್ತೆ ಏರಿರಬೇಕು, ಏನು ಮಾಡಿದಿರಿ ಎಂದಳು. ನಾನು ಡ್ರಮ್ಮಿನ ಕತೆ ಎಳೆಯಲು ಬಾಯಿ ತೆರೆದೆ. ಜಲಜ ನನ್ನ ಅಂಗಿ ಜಗ್ಗಿ, ನೀರು ಬದಲಿಸಿದೆವು ಎಂದಳು. ನಳಿಗೆಯ ಮಾತನ್ನು ಹುಡುಗಿ ಎತ್ತಲಿಲ್ಲ. ಹೀಗೇ ಮುಂದುವರಿಸಿ ಎಂದಳು.

ಈಗ ಮಳೆ ಕೂತು ಸುರಿಯುತ್ತಿದೆ. ಬಾವಿ ತುಂಬಿ ಬಂದಿದೆ, ನೀರಿನ ಬಣ್ಣವೂ ಬದಲಾಗಿದೆ, ಕಡಲು ಹಿಂದೆ ಸರಿದಿರಬೇಕು. ಇರಬೇಕು ಅಷ್ಟೇ; ನನ್ನ ನಾಲಿಗೆಯ ಮಾತನ್ನು ನಾನು ಇನ್ನು ನಂಬುವುದಿಲ್ಲ. ಕೆಟ್ಟಿದೆ ಎಂದು ನಾವು ಬದಿಗಿಟ್ಟ ನಾಲಿಗೆಯೇ ಈಗ ನಮ್ಮ ಮನೆಯ ಅಳತೆ. ಬೆಳಗ್ಗೆ ಸೇದಿದ ಮೊದಲ ಲೋಟ ಅಕ್ಕನಿಗೆ. ಅವಳು ಕುಡಿದು ತಲೆಯಾಡಿಸಿದರೆ ಮಾತ್ರ ರಾಗಿ ನೆನೆಯುತ್ತದೆ, ಇಲ್ಲವಾದರೆ ಸ್ಕೂಟರು ಯಡ್ತರೆಗೆ. ಇಷ್ಟು ದಿನವೂ ಅವಳು ತಲೆಯಾಡಿಸಿರಲಿಲ್ಲ. ಇನ್ನೂ ಒಂಚೂರು ಇದೆ ಎಂಬಂತೆ ಹೆಬ್ಬೆರಳಿನಿಂದ ಕಿರುಬೆರಳಿನ ತುದಿ ತೋರಿಸುತ್ತಿದ್ದಳು, ನಾನು ಗೊಣಗದೆ ಕ್ಯಾನು ಕಟ್ಟುತ್ತಿದ್ದೆ.

ಇವತ್ತು ಬೆಳಗ್ಗೆ ಲೋಟ ತುಟಿಗಿಟ್ಟವಳು ಕಣ್ಣು ಮುಚ್ಚಿ ಪೂರ್ತಿ ಕುಡಿದಳು. ನಾನೂ ಜಲಜಳೂ ಅವಳ ಬಾಯನ್ನೇ ನೋಡುತ್ತ ನಿಂತಿದ್ದೆವು. ಅವಳು ಲೋಟ ಕೆಳಗಿಟ್ಟು, ಬಳೆಗಳನ್ನೊಮ್ಮೆ ಮೇಲೆ ತಳ್ಳಿ, ಅಂಗೈಯನ್ನು ಜಲಜಳ ಮುಂದೆ ಚಾಚಿದಳು.

"ನಮ್ಮನಿ ನೀರ್ ಬಂತ್. ಇನ್ ಚೂರ್ ಬೆಲ್ಲ ಕೊಡ್, ಉರಿತ್ತಾ ಕಾಂಬ."

ಜಲಜ ಒಳಗೆ ಓಡಿ, ಬಂದವರಿಗೆಂದು ಇಟ್ಟ ಬೆಲ್ಲದಿಂದ ಸಾಸಿವೆಯಷ್ಟು ಕೆರೆದು ತಂದು ಆ ಅಂಗೈಯಲ್ಲಿಟ್ಟಳು. ಅಕ್ಕ ಅದನ್ನು ನಾಲಿಗೆಯ ತುದಿಗಿಟ್ಟುಕೊಂಡು ಬಾಯಿ ಮುಚ್ಚಿದಳು. ಮುಖ ಕಿವುಚಲಿಲ್ಲ. ಹೊರಗೆ ಅಳೆದಿಟ್ಟ ರಾಗಿಗೆ ನಮ್ಮದೇ ಬಾವಿಯ ನೀರು ಹೊಯ್ಯಲು ನಾನು ಎದ್ದೆ.